ಹಿಂದೂಸ್ತಾನಿ ಕಲಿತ ದನಿ ಒಪೆರಾಕ್ಕ ನಡೀತದೇನ್ರಿ?

ತೊಗರಿಕಣಜ, ಕಲಬುರಗಿ:
ಅಕ್ಕನ ಮಗಳಿಗೆ 19 ವರ್ಷ. ಆರು ವರ್ಷ ಹಿಂದೂಸ್ತಾನಿ ಆಗ್ಯದ, ಕಾಳಿ ಪಾಂಚ್‌ಗೆ (ಹಾರ್ಮೋನಿಯಂನ ಐದನೇ ಕರಿ ಮನೆ ಷಡ್ಜ) ಹಾಡ್ತಾಳ. ಈಗ ಒಪೆರಾ, ಅಂದ್ರ ಪಾಶ್ಚಾತ್ಯ ಸಂಗೀತ ನಾಟಕ, ಕಲ್ತು ಯುರೋಪಿಗೆ ಹೋಗ್ತೀನಿ ಅಂತ ಹಟ. ಕಲಿತದ್ದು ಉಪಯೋಗಕ್ಕ ಬರ್ತದೋ, ಪಾಟಿ ಒರಸಿ ಮೊದಲಿಂದ ಬರೀಬೇಕೋ? ಅಲ್ಲಿ ಹೊಟ್ಟಿ ಹೆಂಗ ತುಂಬ್ತದ?

ಮಂದ್ರಪಂಚಮ:
ಸ್ವರಜ್ಞಾನ, ತಾನದ ಚುರುಕು ಉಳೀತಾವ. ತ್ರಾಸು ಇರೋದು ದನಿ ಹಚ್ಚೋದ್ರಾಗ. ನಾವು ಗಂಟಲಿಗೆ ಹೊಂದೋ ಹಂಗ ಷಡ್ಜ ಇಟ್ಕೋತೀವಿ. ಅಲ್ಲಿ ಶ್ರುತಿ ಬರೆದಿಟ್ಟದ್ದು, ಹೊಸಬರ ಸಲುವಾಗಿ ಯಾರೂ ಇಳಸಂಗಿಲ್ಲ. ಸೊಪ್ರಾನೊ (ಹೆಣ್ಣಿನ ಅತಿ ಎತ್ತರದ ದನಿ) ಅಂದ್ರ ಹೈ ಸಿ ಅನ್ನೋ ಮ್ಯಾಲಿನ ಸ್ವರ ಕೇಳ್ತಾರ. ಕಾಳಿ ಪಾಂಚ್ ಲೆಕ್ಕಕ್ಕ ಅದು ಅತಿತಾರ (ತಾರದ ಮ್ಯಾಲಿನ ಸಪ್ತಕದ) ರಿಷಭ ರೀ!

ಅದೇ ಲೆಕ್ಕದಾಗ ಹೆಣ್ಣುದನಿಗೆ ಎರಡು ತಿರುವು, ಅಂದ್ರ ದನಿಯ ಬಗೆ ಬದಲಾಗೋ ಜಾಗ: ಒಂದು ಮಧ್ಯ ಪಂಚಮದ ಸುತ್ತ, ಇನ್ನೊಂದು ತಾರ ಪಂಚಮದ ಸುತ್ತ. ನಮ್ಮಲ್ಲಿ ಎದೆದನಿಯನ್ನೇ (ಮಾತಾಡೋ ಹಂಗಿನ ದಪ್ಪ ದನಿ) ಮೊದಲ ತಿರುವು ದಾಟಿಸಿ ಒಯ್ಯೋದು ರೂಢಿ. ಒಪೆರಾದಾಗ ಅಲ್ಲೇ ತಲೆದನಿಗೆ (ತೆಳು, ಹಗುರ ದನಿ) ಜಾರಬೇಕು. ಜಾರದೆ ನೂಕಿದ್ರ ಗಂಟಲು ಬಿಗೀತದ, ದನಿ ಒಡೀತದ, ಕಡೀಗೆ ಸ್ವರತಂತುವಿನ ಮ್ಯಾಲ ಗಂಟು ಆಗಬಹುದು.

ಅದಕ್ಕ ಹಿಂಗ ಸಾಧನೆ ಮಾಡ್ಲಿ: ತುಟಿ ಬುರ್ರ್ ಅನಿಸಿ ಏರಿಳಿಯೋದು ಐದು ನಿಮಿಷ. ಆಮ್ಯಾಲ ‘ಊ’ಕಾರದಾಗ ಪ-ಮ-ಗ-ರಿ-ಸ, ಹಾರ್ಮೋನಿಯಂ ಮ್ಯಾಲ ಒಂದೊಂದೇ ಮನೆ ಏರಿಸ್ಕೋತ. ಮ್ಯಾಲಿಂದ ಇಳಿದ್ರ ತಲೆದನಿ ತಾನೇ ಕೂಡ್ತದ. ಕೆಳಗಿಂದ ಏರಿದ್ರ ಎದೆದನಿ ಭಾರ ಹೊತ್ಗೊಂಡು ಬರ್ತದ. 20 ನಿಮಿಷ, ದಿನಕ್ಕ ಎರಡು ಸಲ, ಸಾಕು. ದನಿ ಕೂತು ಎರಡು ವಾರ ದಾಟಿದ್ರ ಕಷಾಯ ಬಿಟ್ಟು ಗಂಟಲಿನ ಡಾಕ್ಟರ ಹತ್ರ ಕ್ಯಾಮೆರಾದಾಗ ನೋಡಿಸ್ರಿ.

ಬಿದರಿಬಳ್ಳಿ:
ಮೈಕ್ ಇರಲ್ಲ, ಅದೇ ದೊಡ್ಡ ವ್ಯತ್ಯಾಸ. ಆರ್ಕೆಸ್ಟ್ರಾದ ಸದ್ದು 500 ಹರ್ಟ್ಸ್ ಸುತ್ತ ದಟ್ಟ. ಪಳಗಿದ ಟೆನರ್, ಬ್ಯಾರಿಟೋನ್ (ಗಂಡಸರ ಎತ್ತರದ, ನಡುವಣ) ದನಿ 3,000ದ ಹತ್ತಿರ ಹೊಳೆಯುತ್ತದೆ, ಹಾಗಾಗಿ ಮುಳುಗಲ್ಲ. ಸೊಪ್ರಾನೊ ದಾರಿ ಬೇರೆ: ಮೇಲೆ ಹೋದಂತೆ ಬಾಯಿ ಅಗಲಿಸುತ್ತಾರೆ, ‘ಇ’ ಕೂಡ ‘ಅ’ ಕಡೆ ವಾಲುತ್ತದೆ. ಮೇಲಿನ ಸ್ವರದಲ್ಲಿ ಮಾತು ತಿಳಿಯದಿದ್ದರೆ ಅದಕ್ಕೇ, ಭಾಷೆ ಬರಲ್ಲ ಅಂತ ಅಲ್ಲ.

ಭಾರತದಿಂದ ಹೋದವರಲ್ಲಿ ಪೆಟ್ರೀಷಿಯಾ ರೊಜಾರಿಯೊ ಹೆಸರು ನೋಡಿ. 1960ರಲ್ಲಿ ಮುಂಬೈನಲ್ಲಿ ಹುಟ್ಟಿ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯಲ್ಲಿ ಕಲಿತವರು. ಬ್ರಿಟನ್ನಿನ ಸಂಗೀತ ರಚನಕಾರ ಜಾನ್ ಟ್ಯಾವೆನರ್ ಇವರ ದನಿಗೆಂದೇ ಎಷ್ಟೋ ಕೃತಿ ಬರೆದರು. 2001ರಲ್ಲಿ ಒಬಿಇ ಎಂಬ ಬ್ರಿಟಿಷ್ ಗೌರವ. ಗಮನಿಸಿ: ಹೆಸರಾದದ್ದು ಹಳೇ ದೊಡ್ಡ ಪಾತ್ರಗಳಿಗಿಂತ ಹೊಸ ಸಂಗೀತದಿಂದ.

ಭೀಮಾತೀರ:
ಹೊಟ್ಟಿ ಪ್ರಶ್ನೆಗೆ ಉತ್ತರ ಜರ್ಮನಿ. ಅಲ್ಲಿ ಸರ್ಕಾರಿ ದುಡ್ಡಿನ ಒಪೆರಾ ಮನೆಗಳು 80ರ ಸುಮಾರಿಗೆ ಅವ. ನಮ್ಮ ಕಂಪನಿ ನಾಟಕದ ಹಂಗ ಖಾಯಂ ತಂಡ, ತಿಂಗಳ ಪಗಾರ. ಅತಿಥಿ ಗಾಯಕರಿಗೆ ಆಟದ ಲೆಕ್ಕ. ಮುಂದಿನ ಸೀಸನ್‌ಗೆ ಬ್ಯಾಡ ಅನ್ನೋದಿದ್ರ ಹೊಸಬರಿಗೆ ಅಕ್ಟೋಬರ್ 31ರೊಳಗ ತಿಳಿಸಬೇಕು, ಅದಕ್ಕೇ ಆ ತಿಂಗಳು ಎಲ್ಲರಿಗೂ ಎದಿ ಡವಡವ.

ಕೆಲಸ ಕೊಡೋದು ದನಿಯ ಜಾತಿ ನೋಡಿ, ಅದಕ್ಕ ‘ಫಾಖ್’ ಅಂತಾರ. ಹಗುರ ದನಿಯವರು ಭಾರದ ಪಾತ್ರ ಬೇಗ ಒಪ್ಪಿಕೊಂಡ್ರ ದನಿಯ ಕಂಪನ ನಿಧಾನಾಗಿ ಓಲಾಡ್ತದ. ಆಮ್ಯಾಲ ಸರಿ ಮಾಡೋದು ಭಾಳ ಕಷ್ಟ. ಆಡಿಷನ್‌ಗೆ ಐದು ಹಾಡು, ಮೂರು ಭಾಷೆ ಅಂತ ತಯಾರಿ ಇರ್ಲಿ. ಯಾರೋ ಜ್ವರ ಬಿದ್ದು ಸಂಜಿ ಆಟಕ್ಕ ಜನ ಬೇಕಾದಾಗ, ಪಾತ್ರ ಬಾಯಿಪಾಠ ಇದ್ದೋರಿಗೇ ಫೋನ್ ಬರೋದು.

ತೊಗರಿಕಣಜ:
ಈಗ ಮೊದಲ ಏನು ಹಚ್ಚಲಿ?

ಮಂದ್ರಪಂಚಮ:
ಸ್ಟಾಫ್ ನೊಟೇಷನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಓದೋದು. ಕಿವಿ ಮ್ಯಾಲ ಕಲಿಯೋ ರೂಢಿ ಅಲ್ಲಿ ಸಾಲಂಗಿಲ್ಲ. ಕ್ಲಾಸಿಗೆ ಚೆನ್ನೈನಾಗ ಕೆ.ಎಂ. ಮ್ಯೂಸಿಕ್ ಕನ್ಸರ್ವೇಟರಿ ಅನ್ನೋ ಸಂಗೀತ ಶಾಲೆ ಅದ. ರೈಲು ಕಲಬುರಗಿಯಿಂದಲೇ ಸಿಗ್ತದ. ಒಪೆರಾದ ಇಟಾಲಿಯನ್ ಭಾಷೆಗೆ ಹೆದರಬ್ಯಾಡ್ರಿ, ಒತ್ತಕ್ಷರ, ದೀರ್ಘ ನಮಗ ಹುಟ್ಟಿದಾಗಿಂದ ಗೊತ್ತು. ‘ನೋತೆ’ ಅಂದ್ರ ಸ್ವರಗಳು, ‘ನೊತ್ತೆ’ ಅಂದ್ರ ರಾತ್ರಿ. ಇಂಗ್ಲಿಷಿನವರು ಇದರಾಗೇ ಎಡವ್ತಾರ.