ಅಪ್‌ಡೇಟ್: ಲ್ಯಾಬಿರಿಂತ್ ಕ್ಯಾನಿಯನ್‌ಗೆ ಹೋಗಿ ಬಂದ್ವಿ

ಅಮೆರಿಕದ ಯೂಟಾ ರಾಜ್ಯದಲ್ಲಿ ಗ್ರೀನ್ ರಿವರ್ ಅನ್ನೋ ನದಿ ಹರಿಯೋ ಈ ಕಣಿವೆಯಲ್ಲಿ ದೋಣಿ ಮೇಲೆ ಹೋಗಿ ದಡದಲ್ಲಿ ಕ್ಯಾಂಪ್ ಮಾಡಿದರೆ ನೀರಿಗೆ, ಶೌಚಕ್ಕೆ ಏನು ಗತಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನದಿ ನೀರು ಥೇಟ್ ಹಾಲು ಜಾಸ್ತಿಯಾದ ಚಹಾ! ನೇರವಾಗಿ ಹಾಕಿದ್ರೆ ಫಿಲ್ಟರ್ ಕಟ್ಟಿಕೊಳ್ಳುತ್ತೆ ಅಂದಿದ್ರಲ್ಲ, ನಿಜ. ರಾತ್ರಿ ಬಕೆಟ್‌ಗೆ ತುಂಬಿ ಚಿಟಿಕೆ ಪಟಿಕ ಕದಡಿ ಇಟ್ವಿ. ಬೆಳಗ್ಗೆ ತಳದಲ್ಲಿ ಬೆರಳು ದಪ್ಪ ಕೆಸರು, ಮೇಲೆ ತಿಳಿನೀರು. ಪಾತ್ರೆ ತೊಳೆಯೋಕೆ ಸಾಕು. ಕುಡಿಯೋಕೆ ಮಾತ್ರ ಊರಿಂದ ಒಯ್ದ ಕ್ಯಾನ್ ನೀರೇ.

ಪರ್ಮಿಟ್ ಜೊತೆ ಪೋರ್ಟಬಲ್ ಟಾಯ್ಲೆಟ್, ಫೈರ್ ಪ್ಯಾನ್ (ನೆಲಕ್ಕೆ ತಾಗದ ಹಾಗೆ ಬೆಂಕಿ ಹಾಕೋ ಲೋಹದ ತಟ್ಟೆ) ಕಡ್ಡಾಯ. ಬೂದಿ ಸಮೇತ ಎಲ್ಲ ವಾಪಸ್ ಹೊತ್ತು ತರಬೇಕು. ಮನೆಯವರು ಮೊದಲು ಮೂಗು ಮುರಿದರು, ಆಮೇಲೆ ಹೊಂದಿಕೊಂಡ್ರು.

ಬೋನಾಟ್ ಬೆಂಡ್ ಅನ್ನೋ ನದಿ ತಿರುವಿನ ದಿಣ್ಣೆ ಹತ್ತೋದು ಬಿಡಬೇಡಿ: ಅಲ್ಲಿ ನದಿ ಸುಮಾರು 11 ಕಿ.ಮೀ. ಸುತ್ತಿ ಹೆಚ್ಚುಕಡಿಮೆ ಹೊರಟಲ್ಲಿಗೇ ಬರುತ್ತೆ. ದೋಣಿ ಪಯಣ ಮುಗಿಯೋ ಮಿನರಲ್ ಬಾಟಂನಿಂದ ವಾಪಸ್ ಬರೋ ಗಾಡಿ ಮೊದಲೇ ಬುಕ್ ಮಾಡಿ.