ಮಗನ ಬಲಗಾಲಿನ ಬೂಟು ಮಾತ್ರ ಏಕೆ ಸವೆಯುತ್ತದೆ?

ಪ್ರಶ್ನೆ (ಧಾರವಾಡ): ಮಗನಿಗೆ ಆರು ವರ್ಷ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವುದು), ಬಲಭಾಗಕ್ಕೆ ಮಾತ್ರ. ಮೂರು ತಿಂಗಳ ಹಿಂದೆ ಕೊಂಡ ಬೂಟಿನಲ್ಲಿ ಎಡಗಾಲಿನದು ಹೊಸದರಂತಿದೆ, ಬಲಗಾಲಿನದು ಹೆಬ್ಬೆರಳ ಬಳಿ ತೂತು. ಸಾಧನಕೇರಿಯ ದಂಡೆಯಲ್ಲಿ ನಡೆಸುವಾಗ ಕಿವಿಗೊಟ್ಟರೆ ಒಂದು ಹೆಜ್ಜೆ ‘ಟಪ್’, ಇನ್ನೊಂದು ‘ಸರ್ರ್’. ಅತ್ತೆಯವರು ದಿನವೂ ಎಣ್ಣೆ ತಿಕ್ಕು ಎನ್ನುತ್ತಾರೆ. ತಿಕ್ಕಿ ತಿಕ್ಕಿ ನನ್ನ ಕೈ ಸೋತಿದೆ. ಶಸ್ತ್ರಚಿಕಿತ್ಸೆಯೇ ಬೇಕೇ?

ಉತ್ತರ (ಹುಬ್ಬಳ್ಳಿ, ಫಿಸಿಯೋಥೆರಪಿಸ್ಟ್): ಎಣ್ಣೆ ಹಿತ ಕೊಡುತ್ತದೆ, ತಾಯಿ. ಆದರೆ ತೊಂದರೆ ಇರುವುದು ಬಲಗಾಲನ್ನು ನಡೆಸುವ ಮಿದುಳಿನ ಎಡಭಾಗದಲ್ಲಿ. ಅಲ್ಲಿಯವರೆಗೆ ಎಣ್ಣೆ ಇಳಿಯುವುದಿಲ್ಲ. 1987ರಲ್ಲಿ ವಿಂಟರ್ಸ್, ಗೇಜ್ ಮತ್ತು ಹಿಕ್ಸ್ ಎಂಬ ಸಂಶೋಧಕರು ಇಂಥ ನಡಿಗೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ಕಾಲೆತ್ತಿದಾಗ ಮಾತ್ರ ಪಾದ ಜೋಲುತ್ತದೆ, ಬೆರಳು ನೆಲಕ್ಕೆ ಉಜ್ಜುತ್ತದೆ. ಎರಡನೆಯದರಲ್ಲಿ ಮೀನಖಂಡ ಬಿಗಿದು, ಊರಿದಾಗಲೂ ತುದಿಗಾಲೇ. ಮೊಣಕಾಲು ಹಿಂದಕ್ಕೆ ಬಾಗುವುದೂ ಉಂಟು. ಮೂರರಲ್ಲಿ ಮೊಣಕಾಲಿನ, ನಾಲ್ಕರಲ್ಲಿ ಸೊಂಟದ ಬಿಗಿತವೂ ಸೇರಿಕೊಳ್ಳುತ್ತದೆ. ಮಗು ನಿಂತಾಗ ಹಿಮ್ಮಡಿ ನೆಲಕ್ಕೆ ತಾಗುತ್ತದೆಯೇ? ತಾಗಿದರೆ ಪಾದ ಜೋಲುವುದಷ್ಟೇ ಇರಬಹುದು; ಆಗ ಪಾದವನ್ನು ಎತ್ತಿ ಹಿಡಿಯುವ ಹಗುರ ಪ್ಲಾಸ್ಟಿಕ್ ಪಟ್ಟಿ ಸಾಕಾಗಬಹುದು. ಬಿಗಿತವಿದ್ದರೆ ವ್ಯಾಯಾಮ, ಪ್ಲಾಸ್ಟರ್, ಸ್ನಾಯು ಸಡಿಲಿಸುವ ಬೊಟುಲಿನಮ್ ಚುಚ್ಚುಮದ್ದು. ಶಸ್ತ್ರಚಿಕಿತ್ಸೆ ಆಮೇಲಿನ ಮಾತು. ಪರೀಕ್ಷಿಸದೆ ಇದಕ್ಕಿಂತ ಹೆಚ್ಚು ಹೇಳಲಾರೆ.

ಉತ್ತರ (ಹಾವೇರಿ): ನನಗೀಗ ಮೂವತ್ತನಾಲ್ಕು. ನನಗೂ ಇದೇ ತೊಂದರೆ, ನನ್ನದು ಎಡಗಾಲು. ಪಟ್ಟಿ ಹಾಕಿಸಿದರೆ ಬೂಟು ಒಂದು ಅಳತೆ ದೊಡ್ಡದು ಬೇಕಾಗುತ್ತದೆ; ಇನ್ನೊಂದು ಕಾಲಿನದಕ್ಕೆ ದಪ್ಪ ಒಳಹಾಸು ಹಾಕಿ. ಕಾಲುಚೀಲವಿಲ್ಲದೆ ಪಟ್ಟಿ ಕಟ್ಟಬೇಡಿ, ಬೇಸಿಗೆಯಲ್ಲಿ ಚರ್ಮ ಸುಲಿಯುತ್ತದೆ. ಹುಬ್ಬಳ್ಳಿಗೆ ಬಂದರೆ ನಾನು ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಚಿಗರಿ ಬಸ್ಸನ್ನೇ ಹಿಡಿಯುತ್ತೇನೆ. ನಿಲ್ದಾಣ ಬಸ್ಸಿನ ಮಟ್ಟಕ್ಕೇ ಇರುವುದರಿಂದ ಮೆಟ್ಟಿಲಿನ ಕಾಟವಿಲ್ಲ.

ಪ್ರಶ್ನೆ ಕೇಳಿದವರು: ಈಗಷ್ಟೇ ಗೋಡೆಗೆ ಒರಗಿಸಿ ನಿಲ್ಲಿಸಿ ನೋಡಿದೆ. ಹಿಮ್ಮಡಿ ತಾಗುತ್ತದೆ!