ಗುಂಡಣ್ಣನಿಗೆ ಪೋಕರ್ ಕಲಿಸಿದ್ದು

"ಎರಡೇ ಎಲೆನಾ?" ಗುಂಡಣ್ಣ ಕೈಯಲ್ಲಿದ್ದ ಎಲೆಗಳನ್ನ ಉಜ್ಜಿ ಉಜ್ಜಿ ನೋಡಿದ, ಹಿಂದೆ ಇನ್ನೊಂದು ಅಂಟಿಕೊಂಡಿದೆಯೇನೋ ಅಂತ. "ರಮ್ಮಿಗೆ ಹದಿಮೂರು ಕೊಡ್ತಾರೆ. ಮೂರೆಲೆಗೂ ಮೂರು ಕೊಡ್ತಾರೆ. ನಿಮ್ಮ ಟೆಕ್ಸಾಸಿನೋರು ಇಷ್ಟು ಜುಗ್ಗರು ಅಂತ ಗೊತ್ತಿರಲಿಲ್ಲ."

"ಇನ್ನೈದು ಮೇಜಿನ ಮೇಲೆ ಬರತ್ತೆ, ತಡಿಯಪ್ಪ," ಅಂದ ಸೀನು. "ಅವು ಎಲ್ಲರಿಗೂ ಸೇರಿದ್ದು. ನಿನ್ನ ಎರಡು, ಮೇಜಿನ ಐದು. ಏಳರಲ್ಲಿ ಚೆನ್ನಾಗಿರೋ ಐದು ಆರಿಸ್ಕೋಬೇಕು."

"ಮೇಜಿನ ಎಲೆ ನಾಗರಾಜನೂ ಬಳಸ್ಕೋತಾನಾ?"

"ಹೂಂ."

"ಮೇಜು ನಂದು."

ಮೇಜು ಅವನದೇ, ಸರಸ್ವತೀಪುರಂನ ಮನೆಯೂ ಅವನದೇ. ಸೀನು ಆಸ್ಟಿನ್ನಿಂದ ರಜೆಗೆ ಬಂದಿದ್ದ. ಎಲ್ಲರೂ ಚಾಕೊಲೇಟು ತರ್ತಾರೆ, ಇವನು ಟೆಕ್ಸಾಸ್ ಹೋಲ್ಡೆಮ್ ಅನ್ನೋ ಪೋಕರ್ ಆಟ ತಂದ. ಆಡೋಕೆ ನಾಲ್ವರು: ಗುಂಡಣ್ಣ, ಅವನ ಹೆಂಡತಿ ಕಮಲಮ್ಮ, ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿರೋ ನಾಗರಾಜ, ಗಣಿತದ ಮೇಷ್ಟ್ರಾಗಿ ನಿವೃತ್ತರಾದ ವಿಶಾಲಕ್ಕ. ಹಂಚೋನು ಸೀನು. ಚಿಪ್ಸ್ ಬದಲು ಚೌಕಾಬಾರದ ಡಬ್ಬಿಯ ಹುಣಸೆ ಬೀಜ, ಅದರ ಖಜಾನೆ ನನ್ನ ಸುಪರ್ದಿಗೆ.

ಬೀಜ ಯಾಕೆ ಅಂದ್ರೆ ನಾಗರಾಜ ದುಡ್ಡಿನ ಮಾತೇ ಎತ್ತಗೊಡಲಿಲ್ಲ. "ಮೊದಲು ಕಾನೂನು ಕೇಳಿ. ರಮ್ಮಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟು 1960ರ ದಶಕದಲ್ಲೇ ಹೇಳಿದೆ. ಮೂರೆಲೆಗೆ ಆ ಮರ್ಯಾದೆ ಇಲ್ಲ. ಪೋಕರ್ ಬಗ್ಗೆ ಒಂದೊಂದು ಕೋರ್ಟು ಒಂದೊಂದು ಹೇಳತ್ತೆ. ನಮ್ಮ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನಲ್ಲಿ ದುಡ್ಡು ಕಟ್ಟಿ ಆಡೋದನ್ನ ನಿಷೇಧಿಸ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದನ್ನ ತಳ್ಳಿಹಾಕ್ತು. ಆಮೇಲೆ 2025ರ ಆಗಸ್ಟಲ್ಲಿ ಕೇಂದ್ರವೇ..."

"ನಾಗರಾಜ, ಆಡ್ತೀಯೋ, ವಾಯಿದೆ ತಗೋತೀಯೋ?" ಅಂದ್ರು ವಿಶಾಲಕ್ಕ.

ಸೀನು ಬ್ಲೈಂಡ್ ವಿವರಿಸಿದ. ಬಟನ್ ಅಂದ್ರೆ ಹಂಚೋ ಸರದಿ ಯಾರದು ಅನ್ನೋ ಗುರುತು. ಬಟನ್ ಇರೋರ ಎಡಗಡೆಯವರು ಒಂದು ಬೀಜ, ಅವರ ಪಕ್ಕದವರು ಎರಡು, ಎಲೆ ಬರೋ ಮೊದಲೇ ಕಟ್ಟಬೇಕು. ಬಟನ್ ಪ್ರತಿ ಆಟಕ್ಕೂ ಒಂದು ಮನೆ ಮುಂದೆ ಹೋಗತ್ತೆ. ಗುಂಡಣ್ಣನ ಬಟನ್ ಅವನದೇ ಹಳೇ ಕೋಟಿನದು.

"ಬ್ಲೈಂಡ್ ನಮಗೂ ಗೊತ್ತು," ಅಂತ ಗುಂಡಣ್ಣ ಎಲೆ ಬೋರಲು ಹಾಕಿದ. "ಮೂರೆಲೆಯಲ್ಲಿ ನೋಡದೆ ಆಡಿದ್ರೆ ಅರ್ಧ ರೇಟು. ನಾನು ನೋಡಲ್ಲ. ಒಂದೇ ಬೀಜ."

"ಇಲ್ಲಿ ರಿಯಾಯಿತಿ ಇಲ್ಲ. ನೋಡಿದ್ರೂ ಅಷ್ಟೇ, ನೋಡದಿದ್ರೂ ಅಷ್ಟೇ."

"ಹಾಗಾದ್ರೆ ನೋಡದೆ ಇರೋದ್ರಲ್ಲಿ ಏನು ಸುಖ?"

ಮೊದಲ ಜಗಳ ಬಂದಿದ್ದು ಕಲರ್ ಮೇಲೆ, ಅಂದ್ರೆ ಎಲ್ಲಾ ಒಂದೇ ಜಾತಿ ಎಲೆ. ಕಮಲಮ್ಮ ಐದು, ಆರು, ಏಳು, ಎಂಟು, ಒಂಬತ್ತು ಜೋಡಿಸಿ ಬೀಜಕ್ಕೆ ಕೈ ಹಾಕಿದ್ರು. ನಾಗರಾಜ ಐದು ಆಠೀನು ತೋರಿಸಿದ. ಬೀಜ ನಾಗರಾಜನಿಗೆ ಅಂದುಬಿಟ್ಟ ಸೀನು.

"ಯಾವ ಊರಿನ ನ್ಯಾಯ?" ಕಮಲಮ್ಮ ಕೈ ತೆಗೀಲಿಲ್ಲ. "ದೀಪಾವಳಿಗೆ ನಮ್ಮ ತವರಲ್ಲಿ ನಾನು ಆಡಿಲ್ವಾ? ಸೀಕ್ವೆನ್ಸ್ ಮುಂದೆ ಕಲರ್ ಯಾವತ್ತೂ ಚಿಕ್ಕದು."

"ಅದು ಮೂರೆಲೆಯಲ್ಲಿ ಕಮಲಮ್ಮ. ಪೋಕರಲ್ಲಿ ಉಲ್ಟಾ."

"ಸಮುದ್ರ ದಾಟಿದ ತಕ್ಷಣ ಉಲ್ಟಾ ಆಗಿಬಿಡತ್ತಾ?"

ವಿಶಾಲಕ್ಕ ಅಷ್ಟರಲ್ಲಿ ಪೇಪರಿನ ಅಂಚಿನಲ್ಲಿ ಗೀಚೋಕೆ ಶುರು ಮಾಡಿದ್ರು. ಅವರು ಗೀಚೋಕೆ ಶುರು ಮಾಡಿದ್ರೆ ಮನೆಯಲ್ಲಿ ಯಾರೂ ಉಸಿರೆತ್ತಲ್ಲ, ಗುಂಡಣ್ಣನೂ ಅವರ ಹತ್ರವೇ ಎಸ್ಸೆಸ್ಸೆಲ್ಸಿ ಟ್ಯೂಷನ್‌ಗೆ ಹೋದವನು. ಕೊನೆಗೆ ಕನ್ನಡಕ ಮೇಲಕ್ಕೆ ತಳ್ಳಿದ್ರು. "ಇಬ್ಬರದೂ ಸರಿ. ಐವತ್ತೆರಡು ಎಲೆಯಲ್ಲಿ ಮೂರು ಎತ್ತಿದ್ರೆ ಕಲರ್ ಆಗೋ ದಾರಿ 1,096, ಬರೀ ಸೀಕ್ವೆನ್ಸ್ ಆಗೋದು 720. ಅಲ್ಲಿ ಸೀಕ್ವೆನ್ಸ್ ಅಪರೂಪ. ಐದು ಎತ್ತಿದ್ರೆ ಸೀಕ್ವೆನ್ಸ್ 10,200 ಥರ ಬರತ್ತೆ, ಕಲರ್ 5,108 ಅಷ್ಟೇ. ಯಾವುದು ಅಪರೂಪವೋ ಅದು ದೊಡ್ಡದು. ಕೈ ತೆಗಿ ಕಮಲ."

ಕಮಲಮ್ಮ ಕೈ ತೆಗೆದ್ರು. ಆದರೆ "ಲೆಕ್ಕ ಸರಿಯಿರಬಹುದು, ನ್ಯಾಯ ಅಲ್ಲ" ಅಂತ ಗೊಣಗಿದ್ರು. ಒಳಗೊಳಗೇ ನಾನೂ ಅವರ ಪಕ್ಷ.

ನಿಯಮ ಕಲಿಯೋಕೆ ಹತ್ತು ನಿಮಿಷ ಸಾಕು ಅಂತ ಸೀನು ಹೇಳಿದ್ದು ಸುಳ್ಳಲ್ಲ. ಎರಡೆಲೆ ಕೊಟ್ಟಾಗ ಒಮ್ಮೆ ಕಟ್ಟೋದು. ಆಮೇಲೆ ಮೇಜಿನ ಮೇಲೆ ಮೂರು ಬೀಳತ್ತೆ, ಅದು ಫ್ಲಾಪ್. ಮತ್ತೆ ಒಂದು, ಟರ್ನ್. ಕೊನೇದು ರಿವರ್. ಒಂದೊಂದಕ್ಕೂ ಕಟ್ಟೋದು, ಏರಿಸೋದು, ಇಲ್ಲಾ ಬಿಡೋದು. ಗುಂಡಣ್ಣ ಮೊದಲೆರಡು ಕಲಿತ.

"ಏಳು-ಎರಡು ಇಟ್ಕೊಂಡು ಯಾಕೆ ಆಡ್ದೆ?" ತಲೆ ಹಿಡಕೊಂಡ ಸೀನು. "ಬೇರೆ ಬೇರೆ ಜಾತಿ ಏಳು-ಎರಡು ಇಡೀ ಕಟ್ಟಲ್ಲೇ ದರಿದ್ರದ ಕೈ."

"ಕೈಗೆ ಬಂದಿದ್ದನ್ನ ಹೆಂಗೆ ಬಿಡೋದು? ಇನ್ನೆರಡು ಏಳು ಬಂದ್ರೆ?"

"ಬರಲ್ಲ."

"ನಿನಗೆ ಹೆಂಗೆ ಗೊತ್ತು? ಇಸ್ಪೀಟು ನಿಂಗೆ ಹೇಳಿ ಬರತ್ತಾ?"

"ಗುಂಡಣ್ಣ, ದೊಡ್ಡ ಆಟಗಾರರೂ ಹೆಚ್ಚಿನ ಕೈಗಳನ್ನ ಶುರುವಲ್ಲೇ ಬಿಸಾಕ್ತಾರೆ. ಎಕ್ಕದ ಜೋಡಿ 221 ಸಲಕ್ಕೆ ಒಂದು ಸಲ ಬರತ್ತೆ. ಅದೂ ಒಬ್ಬನ ಎದುರು ನೂರಕ್ಕೆ 85 ಸಲ ಗೆದ್ದರೆ, ನಾಲ್ವರು ಎದುರಿಗೆ ಕೂತರೆ 56ಕ್ಕೆ ಇಳಿಯತ್ತೆ. ಅದಕ್ಕೇ ಒಳ್ಳೇ ಕೈ ಬಂದ್ರೆ ಮೊದಲೇ ಜಾಸ್ತಿ ಕಟ್ಟಿ ಉಳಿದೋರನ್ನ ಓಡಿಸಬೇಕು."

"ಮನೆಗೆ ಬಂದೋರನ್ನ ಓಡಿಸೋದಾ?" ಕಮಲಮ್ಮನಿಗೆ ಬೇಜಾರಾಯ್ತು. ಅದೇ ಉಸಿರಲ್ಲಿ ಎಲ್ಲರ ತಟ್ಟೆಗೂ ಇನ್ನೊಂದಿಷ್ಟು ಚುರುಮುರಿ ಸುರಿದ್ರು.

ಇನ್ನು ಬ್ಲಫ್, ಅಂದ್ರೆ ಕೈಯಲ್ಲಿ ಏನೂ ಇಲ್ಲದಿದ್ರೂ ಇದೆ ಅಂತ ನಂಬಿಸೋದು. 2003ರಲ್ಲಿ ಕ್ರಿಸ್ ಮನಿಮೇಕರ್ ಅಂತ ಟೆನೆಸಿಯ ಅಕೌಂಟೆಂಟ್ ಒಬ್ಬ, ಆನ್‌ಲೈನಲ್ಲಿ 86 ಡಾಲರ್ ಕಟ್ಟಿ ಆಡಿ ಲಾಸ್ ವೇಗಾಸಿನ ಪೋಕರ್ ವಿಶ್ವ ಸರಣಿಗೆ ಜಾಗ ಗಿಟ್ಟಿಸಿ, 25 ಲಕ್ಷ ಡಾಲರ್ ಗೆದ್ದ ಕಥೆ ಹೇಳಿದ ಸೀನು. ಕೊನೆಗೆ ಉಳಿದಿದ್ದು ಇಬ್ಬರೇ. ಎದುರಿಗೆ ಸ್ಯಾಮಿ ಫರ್ಹಾ, ಪಳಗಿದ ಆಟಗಾರ, ಕೈಯಲ್ಲಿ ರಾಣಿ ಮತ್ತು ಒಂಬತ್ತು, ಮೇಜಿನ ಒಂಬತ್ತು ಸೇರಿ ಒಂದು ಜೋಡಿ. ಮನಿಮೇಕರ್ ಹತ್ರ ರಾಜ ಮತ್ತು ಏಳು, ಮೇಜಿನ ಜೊತೆ ಸೇರಿಸಿದ್ರೂ ಒಂದು ಜೋಡಿ ಕೂಡ ಆಗಲಿಲ್ಲ. ಇದ್ದಬದ್ದದ್ದೆಲ್ಲ ನೂಕಿ ಕಲ್ಲಿನ ಥರ ಕೂತ. ಫರ್ಹಾ ಯೋಚಿಸಿ ಯೋಚಿಸಿ ಎಲೆ ಬಿಟ್ಟ.

"ಬಾಯಿ ಬಿಡಲಿಲ್ವಾ?" ಅಂದ ಗುಂಡಣ್ಣ.

"ತುಟಿಪಿಟಿಕ್ ಅನ್ನಲಿಲ್ಲ."

"ಅಷ್ಟು ಹೊತ್ತು?"

ನಮ್ಮ ಮೇಜಿನ ತೊಂದರೆ ಅದೇ. ಒಳ್ಳೇ ಎಲೆ ಬಂದ್ರೆ ನಾಗರಾಜ ಗಂಟಲು ಸರಿಮಾಡ್ಕೋತಾನೆ, ವಾದ ಮಂಡಿಸೋ ಅಭ್ಯಾಸ. ಕಮಲಮ್ಮ "ಅಯ್ಯೋ, ಏನೂ ಇಲ್ಲಪ್ಪ" ಅಂದ್ರೆ ಎಲ್ಲಾ ಇದೆ ಅಂತ ಅರ್ಥ. ಗುಂಡಣ್ಣನಂತೂ ಎಲೆಯನ್ನ ಜೋರಾಗಿ ಓದಿಕೊಂಡೇ ನೋಡೋದು. ವಿಶಾಲಕ್ಕ ಮಾತ್ರ ಪರೀಕ್ಷಾ ಕೊಠಡಿ ಮೇಲ್ವಿಚಾರಣೆಯ ಮುಖ ಹಾಕಿಕೊಂಡು ಕೂತಿದ್ರು. ಮೂವತ್ತು ವರ್ಷದ ಸರ್ವಿಸ್ ಅಂದ್ರೆ ಸುಮ್ಮನೆಯಾ.

"ನಿಮ್ಮ ಟೆಕ್ಸಾಸಲ್ಲಿ ಎಲ್ಲರೂ ಬೆಳಗಿನಿಂದ ಇದೇ ಆಡ್ತಾರಾ?" ಅಂತ ಕೇಳಿದೆ.

"ಆಟ ಹುಟ್ಟಿದ್ದು ರಾಬ್ಸ್‌ಟೌನ್ ಅನ್ನೋ ಸಣ್ಣ ಊರಲ್ಲಿ ಅಂತ ಅಲ್ಲಿನ ಶಾಸನಸಭೆ 2007ರಲ್ಲಿ ಒಪ್ಪಿಕೊಂಡಿದೆ. ಹೆಸರು ಮಾಡಿದ್ದು ಮಾತ್ರ ವೇಗಾಸಲ್ಲಿ. ಟೆಕ್ಸಾಸಲ್ಲಿ ಮನೇಲಿ ಆಡಬಹುದು, ಮನೆಯೋನು ಅದರಲ್ಲಿ ಪಾಲು ಹೊಡೀಬಾರದು ಅಷ್ಟೇ."

ಗುಂಡಣ್ಣ ತನ್ನ ಮೇಜನ್ನೊಮ್ಮೆ ದುಃಖದಿಂದ ಸವರಿದ.

ರಾತ್ರಿ ಒಂಬತ್ತೂವರೆಗೆ ಆ ಆಟ ಬಂತು. ಬಟನ್ ವಿಶಾಲಕ್ಕನ ಮುಂದೆ. ನಾಗರಾಜ ಸಣ್ಣ ಬ್ಲೈಂಡ್, ಗುಂಡಣ್ಣ ದೊಡ್ಡ ಬ್ಲೈಂಡ್. ಎಲ್ಲರೂ ಎರಡೆರಡು ಕಟ್ಟಿದ್ರು. ಫ್ಲಾಪಲ್ಲಿ ಆಠೀನ್ ರಾಜ, ಡೈಮನ್ ರಾಣಿ, ಆಠೀನ್ ಹತ್ತು. ಇನ್ನೆರಡೆರಡು. ಟರ್ನಲ್ಲಿ ಕಳಾವರ್ ಜಾಕಿ. ಎಲ್ಲರಿಗೂ ಭಯ, ಯಾರೂ ಕಟ್ಟಲಿಲ್ಲ. ರಿವರಲ್ಲಿ ಇಸ್ಪೀಟ್ ಎಕ್ಕ.

ನಾಗರಾಜ ಗಂಟಲು ಸರಿಮಾಡಿಕೊಂಡು ಮುಂದಿದ್ದ ಹದಿನೆಂಟೂ ಬೀಜ ನೂಕಿದ. "ಆಲ್ ಇನ್."

ಗುಂಡಣ್ಣ ತನ್ನ ಎಲೆ ನೋಡಿದ. ಏಳು-ಎರಡು. ಸೀನುವಿನ ಮುಖ ನೋಡಿದ. ಹಂಚೋನು ಆಟದ ನಡುವೆ ಬಾಯಿ ಹಾಕೋ ಹಾಗಿಲ್ಲ, ಅದನ್ನ ನಮಗೆ ಕಲಿಸಿದ್ದೂ ಅವನೇ. ಪಾಪ, ತುಟಿ ಕಚ್ಚಿಕೊಂಡು ಕೂತಿದ್ದ.

"ಸರಿ ಕಣಯ್ಯಾ," ಅಂತ ಗುಂಡಣ್ಣ ಎಲೆ ಎಸೆದ. "ಬಿಟ್ಟೆ!"

ಚಪ್ಪಾಳೆಯೋ ಚಪ್ಪಾಳೆ. ನಾನೇ ಎದ್ದು ಬೆನ್ನು ತಟ್ಟಿದೆ. ಕಮಲಮ್ಮ "ಅಯ್ಯೋ, ಏನೂ ಇಲ್ಲಪ್ಪ" ಅಂತ ಹದಿನೆಂಟು ಎಣಿಸಿ ಇಟ್ಟರು. ವಿಶಾಲಕ್ಕ ಎಲೆ ಕಡೆ ನೋಡಲೂ ಇಲ್ಲ, ಮೇಜು ನೋಡಿ ಹದಿನೆಂಟು ತಳ್ಳಿದ್ರು.

ನಾಗರಾಜ ಎಕ್ಕ ಬಡಿದ. "ಹತ್ತರಿಂದ ಎಕ್ಕದವರೆಗೆ ಸೀಕ್ವೆನ್ಸ್!"

"ನನಗೂ ಅದೇ," ಅಂತ ಕಮಲಮ್ಮ ಜಾಕಿ ತೋರಿಸಿದ್ರು.

"ನನಗೂ," ಅಂದ್ರು ವಿಶಾಲಕ್ಕ. ಅವರ ಕೈಯಲ್ಲಿದ್ದಿದ್ದು ಮೂರು ಮತ್ತು ನಾಲ್ಕು. "ಐದೂ ಮೇಜಿನ ಮೇಲೇ ಇದೆಯಲ್ಲಪ್ಪ. ಒಂದೇ ಜಾತಿದು ಮೂರು ಬಿದ್ದಿಲ್ಲ, ಜೋಡಿ ಬಿದ್ದಿಲ್ಲ, ಇದಕ್ಕಿಂತ ದೊಡ್ಡದು ಯಾರಿಗೂ ಆಗೋ ಹಾಗೇ ಇಲ್ಲ. ಸಮಪಾಲು."

ಸೀನು ಈಗ ಬಾಯಿ ಬಿಟ್ಟ. ಒಟ್ಟು ಎಪ್ಪತ್ತು ಬೀಜ, ತಲಾ ಇಪ್ಪತ್ಮೂರು. ಮಿಕ್ಕಿದ ಒಂದು ಬಟನ್ನಿನ ಎಡಗಡೆಯವನಿಗೆ, ಅಂದ್ರೆ ನಾಗರಾಜನಿಗೆ. ಕಟ್ಟಿದ್ದು ವಾಪಸ್ ಬಂದು ಮೂವರಿಗೂ ಲಾಭ. ಆ ಲಾಭ ಎಲ್ಲಿಂದ ಬಂತು ಅಂತ ಗುಂಡಣ್ಣ ಸ್ವಲ್ಪ ಹೊತ್ತು ಯೋಚಿಸಿದ.

"ನಾನು ಬಿಡದೆ ಇದ್ದಿದ್ರೆ?"

"ನಿನಗೂ ಸಮಪಾಲು," ಅಂದ ಸೀನು, ನೆಲ ನೋಡ್ತಾ.

"ಏಳು-ಎರಡಕ್ಕೂ?"

"ಏಳು-ಎರಡಕ್ಕೂ."

"ಇಡೀ ಸಾಯಂಕಾಲ ಬಿಡು ಬಿಡು ಅಂತ ಪ್ರಾಣ ತಿಂದೆ. ಬಿಟ್ಟೆ. ಬಿಟ್ಟೋನು ಒಬ್ಬ, ಸೋತೋನೂ ಒಬ್ಬ."

"ಅದು ಲಕ್ಷಕ್ಕೊಂದು ಸಲ ಗುಂಡಣ್ಣ..."

"ಅಷ್ಟೆಲ್ಲಾ ಅಪರೂಪ ಅಲ್ಲ," ಅಂತ ವಿಶಾಲಕ್ಕ ಪೆನ್ಸಿಲ್ ಹುಡುಕೋಕೆ ಶುರು ಮಾಡಿದ್ರು.

ಗುಂಡಣ್ಣ ಕಾಯಲಿಲ್ಲ. ತನ್ನ ಮುಂದಿದ್ದ ಬೀಜವನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ನಡುವೆ ಸುರಿದ.

"ಆಲ್ ಇನ್!"

"ಇನ್ನೂ ಎಲೆ ಹಂಚೇ ಇಲ್ಲವಲ್ಲೋ," ಅಂದ ಸೀನು.